ಹತ್ತಿಯ ಎಳೆ, ಬಳೆಯ ಸದ್ದು

ರೋಗವನ್ನೂ ಅದರ ಮದ್ದನ್ನೂ ಒಂದೇ ಸೃಷ್ಟಿಯಲ್ಲಿರಿಸಿದ ಭಗವಂತನಿಗೆ ಮೊದಲು ನಮಸ್ಕಾರ. ಆರೋಗ್ಯದಾತನಾದ ಸೂರ್ಯನಾರಾಯಣನಿಗೂ, ಮದ್ದೂರಿನಲ್ಲಿ ಕಳೆದಷ್ಟು ಕಾಲವೂ ನಾನು ನಿತ್ಯ ಕೈಮುಗಿದ ನರಸಿಂಹಸ್ವಾಮಿಗೂ, ನನಗೆ ಅಕ್ಷರ ತಿದ್ದಿಸಿದ ಗುರುಗಳಿಗೂ ನಾನು ಋಣಿ. ಈ ಬರಹದಲ್ಲಿ ಬರುವ ತಪ್ಪು ನನ್ನದು. ಅದನ್ನು ತಿದ್ದಿಕೊಳ್ಳುವ ಅವಕಾಶ ದೊರೆತದ್ದು ಅವರ ಅನುಗ್ರಹ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ನಾನು ಮದ್ದೂರಿನ ಶಾಲೆಯೊಂದರಲ್ಲಿ ಸಂಸ್ಕೃತ ಪಂಡಿತನಾಗಿದ್ದೆ. ಆ ಬೇಸಿಗೆಯಲ್ಲಿ ಕುಷ್ಠರೋಗದ ಸಂಶೋಧನೆಗೆಂದು ಒಬ್ಬ ವೈದ್ಯರು ಬಂದು ಊರಿನ ಛತ್ರದಲ್ಲಿ ಇಳಿದುಕೊಂಡರು. ಯಾರಿಗೆ ರೋಗವಿದೆ, ಅದು ಯಾವ ಬಗೆಯದು, ಒಂದು ಮನೆಯೊಳಗೆ ಅದು ಯಾರಿಂದ ಯಾರಿಗೆ ದಾಟುತ್ತದೆ ಎಂಬುದನ್ನು ಹಳ್ಳಿಹಳ್ಳಿಗೂ ಹೋಗಿ ನೋಡಿ ಬರೆದಿಡುವುದು ಅವರ ಕೆಲಸ. ಜನ ನಂಬುವಂಥ, ಸ್ಫುಟವಾಗಿ ಬರೆಯಬಲ್ಲ ಒಬ್ಬ ಬರವಣಿಗೆಯವನು ಅವರಿಗೆ ಬೇಕಾಗಿತ್ತು. ಶಾಲೆಗೆ ರಜೆಯಿದ್ದುದರಿಂದ ನನ್ನನ್ನು ಕೇಳಿದರು. ನಾನು ಎರಡು ದಿನ ಹಿಂಜರಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ವೈದ್ಯರು ಕೊಡುತ್ತಿದ್ದ ಎಣ್ಣೆ ನಮ್ಮ ಪ್ರಾಚೀನ ವೈದ್ಯಶಾಸ್ತ್ರದಲ್ಲಿ ಹೇಳಿರುವ ತುವರಕವೆಂಬ ಮರದ ಜಾತಿಯದೇ ಎಂದು ತಿಳಿದ ಮೇಲೆ ಮನಸ್ಸು ಒಪ್ಪಿತು.

ಹೆಂಗಸರ ಪರೀಕ್ಷೆಯೇ ಒಂದು ತೊಡಕಾಗಿತ್ತು. ಬೆನ್ನು ಭುಜಗಳನ್ನು ಪರಪುರುಷರಿಗೆ ತೋರಿಸಲು ಯಾರೂ ಒಪ್ಪುತ್ತಿರಲಿಲ್ಲ. ಆಗ ನನ್ನ ಧರ್ಮಪತ್ನಿ ತಾನಾಗಿಯೇ ಮುಂದೆ ಬಂದಳು. ವೈದ್ಯರು ಅವಳಿಗೆ ಕ್ರಮವನ್ನು ಕಲಿಸಿದರು. ಕಂಬಳಿಯನ್ನು ಮರೆಯಾಗಿ ಕಟ್ಟಿ, ಒಳಗೆ ಹೆಂಗಸನ್ನು ಕೂರಿಸಿ, ಕಣ್ಣು ಮುಚ್ಚಿಸಿ, ಮಚ್ಚೆಯ ಮೇಲೆ ಹತ್ತಿಯ ಎಳೆಯನ್ನು ಮೆಲ್ಲಗೆ ತಾಗಿಸಬೇಕು. ತಾಗಿದಾಗಲೆಲ್ಲ ಅವರು ‘ಹೂಂ’ ಅನ್ನಬೇಕು. ಸ್ಪರ್ಶ ತಿಳಿಯದ ಮಚ್ಚೆ ಈ ರೋಗದ್ದು; ತಿಳಿಯುವುದು ಬಹುಮಟ್ಟಿಗೆ ಚಿಬ್ಬೋ ಮತ್ತೊಂದೋ ಆಗಿರುತ್ತದೆ. ದೇವರ ಬತ್ತಿಗೆಂದು ಹಿಂಜಿಟ್ಟಿದ್ದ ಹತ್ತಿಯನ್ನೇ ಅವಳು ಡಬ್ಬಿಯಲ್ಲಿ ತುಂಬಿಕೊಂಡು ಬರುತ್ತಿದ್ದಳು. ಅವಳು ಒಳಗಿನಿಂದ ಹೇಳಿದ್ದನ್ನು ನಾನು ಹೊರಗೆ ಕುಳಿತು ಬರೆಯುತ್ತಿದ್ದೆ.

ನಿಡಘಟ್ಟದಾಚೆಯ ಒಂದು ಹಳ್ಳಿಯಲ್ಲಿ, ವೈದ್ಯರು ಊರ ಇನ್ನೊಂದು ತುದಿಯಲ್ಲಿ ಗಂಡಸರನ್ನು ನೋಡುತ್ತಿದ್ದಾಗ, ನಾವಿಬ್ಬರು ಒಂದು ಒಕ್ಕಲುಮನೆಗೆ ಹೋದೆವು. ಆ ಮನೆಯ ಸೊಸೆಗೆ ಭುಜದ ಹಿಂದೆ ಅಂಗೈಯಗಲದ ಮಂಕು ಮಚ್ಚೆಯೊಂದು ಎದ್ದಿತ್ತು. ಅವಳ ಗಂಡ ಮಂಡ್ಯದಲ್ಲಿ ಕೆಲಸದಲ್ಲಿದ್ದು ತಿಂಗಳಿಗೊಮ್ಮೆ ಬರುತ್ತಿದ್ದ. ಮಚ್ಚೆ ಕಂಡ ದಿನದಿಂದ ಅತ್ತೆ ಅವಳನ್ನು ಕೊಟ್ಟಿಗೆಗೆ ಹಾಕಿದ್ದರು. ಊಟಕ್ಕೆ ಬೇರೆ ತಟ್ಟೆ. ಹತ್ತು ತಿಂಗಳ ಕೂಸನ್ನು ಹಾಲಿಗೆ ಮಾತ್ರ ಅವಳ ಮಡಿಲಿಗೆ ಹಾಕಿ, ಕೂಡಲೇ ಎತ್ತಿಕೊಂಡು ಹೋಗುತ್ತಿದ್ದರು. ದೊಡ್ಡ ರೋಗವೆಂದು ಗೊತ್ತಾದರೆ ಅವಳನ್ನು ತವರಿಗೆ ಕಳಿಸುವುದು, ಕೂಸನ್ನು ಇಲ್ಲೇ ಇಟ್ಟುಕೊಳ್ಳುವುದು ಎಂದು ನಿಶ್ಚಯವಾಗಿತ್ತು.

ಕಂಬಳಿಯ ಮರೆಯಿಂದ ಒಂದಾದ ಮೇಲೊಂದು ‘ಹೂಂ’ ಕೇಳಿಸಿತು. ಒಂದೂ ತಪ್ಪಲಿಲ್ಲ. ‘ಸ್ಪರ್ಶವಿದೆ’ ಎಂದು ಸಂತೋಷದಿಂದ ಬರೆದೆ. ಅತ್ತೆ ಅಲ್ಲಿಯೇ ಕೂಸನ್ನು ತಂದು ಸೊಸೆಯ ಕೈಗೆ ಕೊಟ್ಟರು. ಮನೆಯ ಯಜಮಾನರು, ಆ ಸೊಸೆಯ ಮಾವ, ನಮಗೆ ಎಳನೀರು ಕೊಡಿಸಿದರು. ತುಂಬು ಮುಖ, ಎಣ್ಣೆ ಹಚ್ಚಿದಂತೆ ಹೊಳೆಯುವ ಚರ್ಮ, ದಪ್ಪನೆಯ ಕಿವಿಗಳು. ಹುಬ್ಬು ಮಾತ್ರ ವಯಸ್ಸಿಗೆ ಉದುರಿದಂತಿತ್ತು. ಒಳ್ಳೆಯ ತೇಜಸ್ಸಿನ ಮನುಷ್ಯ ಎಂದುಕೊಂಡೆ. ಸೊಸೆಗೆ ರೋಗವಿಲ್ಲವೆಂದಾದ ಮೇಲೆ ಮನೆಯವರನ್ನು ಪರೀಕ್ಷಿಸುವ ಕಾರಣವಿರಲಿಲ್ಲ. ಮುಂದಿನ ಊರಿಗೆ ನಡೆದೆವು.

ಎಂಟು ದಿನ ಕಳೆದಿರಬಹುದು. ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ, ಕಣ್ಣು ಮುಚ್ಚಿ ಜಪಕ್ಕೆ ಕುಳಿತಿದ್ದೆ. ಎಡಗಡೆ ಬಳೆಗಳು ಸದ್ದಾದವು. ಹೂವಿನ ಹರಿವಾಣವನ್ನು ತಂದಿಟ್ಟಳು ಎಂದು ತಿಳಿಯಿತು. ಎಷ್ಟೋ ವರ್ಷಗಳಿಂದ ಪ್ರತಿದಿನವೂ ಹಾಗೆಯೇ ತಿಳಿಯುತ್ತಿತ್ತು. ಆ ದಿನ ಮಾತ್ರ ಜಪ ಅಲ್ಲಿಗೇ ನಿಂತುಹೋಯಿತು.

ಅವಳನ್ನು ಕರೆದು, ಬೆನ್ನಿನ ಮೇಲೆ ಹತ್ತಿಯೆಳೆ ತಾಗಿಸಿ ನೋಡು ಎಂದೆ. ಕಣ್ಣು ಮುಚ್ಚಿ ಆರು ಬಾರಿ ‘ಹೂಂ’ ಅಂದೆ. ಅವಳು ಹತ್ತಿಯನ್ನು ಡಬ್ಬಿಗೆ ಹಾಕಿದಳು.

“ಏನೂಂದ್ರೆ, ಕೊನೇ ಎರಡು ಸಲ ನಾನು ಮುಟ್ಟೇ ಇಲ್ಲ,” ಎಂದಳು. “ಸುಮ್ಮನೆ ಕೈ ಆಡಿಸಿದೆ.”

ಬಳೆಯ ಸದ್ದಿನ ವಿಷಯವನ್ನು ವೈದ್ಯರಿಗೆ ಹೇಳಿದಾಗ ಅವರು ಕೋಪಿಸಿಕೊಳ್ಳಲಿಲ್ಲ. ಕಲಿಸಿದ ತಮಗೇ ಇದು ಹೊಳೆಯಬೇಕಿತ್ತು ಎಂದರು. ಆದರೆ ಒಪ್ಪಿಸಿದ ಬರಹ ನನ್ನ ಕೈಯದು. ಮುತ್ತೈದೆ ಬಳೆ ತೆಗೆದಿಟ್ಟು ಬರಿಗೈಯಲ್ಲಿ ಹೊರಡುವ ಮಾತೇ ಇರಲಿಲ್ಲ. ಅವಳು ನನ್ನ ಹಳೆಯ ಪಂಚೆಯ ಅಂಚನ್ನು ಹರಿದು, ಅರಿಸಿನ ನೀರಿನಲ್ಲಿ ಅದ್ದಿ ಒಣಗಿಸಿ, ಬಳೆಗಳನ್ನು ಒಟ್ಟಿಗೆ ಸೇರಿಸಿ ಬಿಗಿಯಾಗಿ ಸುತ್ತಿಕೊಂಡಳು. ಕೈ ಕೊಡವಿ ನೋಡಿದಳು. ಸದ್ದಿಲ್ಲ.

ನೋಡಿದ್ದ ಹೆಂಗಸರನ್ನೆಲ್ಲ ಮತ್ತೆ ನೋಡಬೇಕಾಯಿತು. ವೈದ್ಯರೊಂದಿಗೆ ಮೊದಲು ಆ ಮನೆಗೇ ಹೋದೆವು. ನಾನು ಬಾಗಿಲಲ್ಲಿ ನಿಂತು ನನ್ನ ತಪ್ಪನ್ನು ಹೇಳಿಕೊಂಡೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಕೇಳಿಸಿಕೊಂಡರು.

“ಅವತ್ತು ಇಲ್ಲ ಅಂತ ಬರ್ಕೊಂಡೋದ್ರಿ, ಇವತ್ತು ಐತಾ ನೋಡ್ತೀವಿ ಅಂತ ಬಂದಿದೀರಿ. ನಮ್ಮನೆ ಏನ್ ನಿಮ್ಮ ಇಸ್ಕೂಲಾ ಅಯ್ನೋರೆ, ಬರ್ದು ಅಳ್ಸಕ್ಕೆ?”

ಮತ್ತೊಮ್ಮೆ ಕೈಮುಗಿದೆ; ಅವರು ದಾರಿ ಬಿಟ್ಟರು. ಒಳಗೆ ಕಂಬಳಿ ಕಟ್ಟಿದರು. ಈ ಸಲ ಮರೆಯಿಂದ ಏನೂ ಕೇಳಿಸಲಿಲ್ಲ. ಬಹಳ ಹೊತ್ತಿನ ಮೇಲೆ ಆ ಹೆಣ್ಣುಮಗಳು ಮೆಲ್ಲಗೆ ಆಡಿದ ಮಾತು ಕಿವಿಗೆ ಬಿತ್ತು.

“ಅವತ್ತೂ ಏನೂ ಗೊತ್ತಾಗ್ನಿಲ್ಲ ಕಣ್ರಮ್ಮ. ಬಳೆ ಸದ್ದಾದಾಗ್ಲೆಲ್ಲ ಹೂಂ ಅಂದೆ. ಕೂಸ್ನ ಕೊಟ್ಬುಡ್ತಾರೆ ಅಂತ.”

ಅದನ್ನು ನಾನು ಪುಸ್ತಕದಲ್ಲಿ ಬರೆಯಲಿಲ್ಲ. ‘ಸ್ಪರ್ಶವಿಲ್ಲ’ ಎಂದಷ್ಟೇ ತಿದ್ದಿದೆ. ಆ ಒಂದು ಪದದಿಂದ ಅವಳ ಮಡಿಲು ಬರಿದಾಗುತ್ತದೆ ಎಂದು ಗೊತ್ತಿತ್ತು.

ಒಬ್ಬರಿಗೆ ರೋಗವಿದ್ದರೆ ಮನೆಯವರೆಲ್ಲರನ್ನೂ ನೋಡಬೇಕೆಂಬುದು ವೈದ್ಯರ ಕಟ್ಟುನಿಟ್ಟು. ಪ್ರತಿಯೊಬ್ಬರ ಕಿವಿಯ ಹಾಲೆಯನ್ನು ಚೂರಿಯ ತುದಿಯಿಂದ ತುಸು ಗೀರಿ, ಬಂದ ರಸವನ್ನು ಗಾಜಿನ ಪಟ್ಟಿಗೆ ಸವರಿಕೊಂಡರು. ಫಲಿತಾಂಶ ತಿಳಿಯುವವರೆಗೆ ಯಾರನ್ನೂ ಎಲ್ಲಿಗೂ ಕಳಿಸಬಾರದೆಂದು ಅತ್ತೆಯಿಂದ ಮಾತು ತೆಗೆದುಕೊಂಡರು. ಛತ್ರಕ್ಕೆ ಮರಳಿ ಬಣ್ಣ ಹಾಕಿ ನೋಡಿ, ನನ್ನನ್ನೂ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಸೊಸೆಯ ಪಟ್ಟಿಯಲ್ಲಿ ಏನೂ ಇರಲಿಲ್ಲ. ಮತ್ತೊಂದರಲ್ಲಿ ನೀಲಿಯ ಮೇಲೆ ಕೆಂಪು ಕಡ್ಡಿಗಳಂಥವು, ಸೌದೆಯ ಹೊರೆ ಕಟ್ಟಿದಂತೆ ಗುಂಪುಗುಂಪಾಗಿದ್ದವು. ಯಾರದು ಎಂದು ಕೇಳಿದೆ. ಅದು ಯಜಮಾನರದು. ನಾನು ತೇಜಸ್ಸೆಂದು ಕಂಡಿದ್ದು ರೋಗವಾಗಿತ್ತು.

ಮಾರನೆಯ ದಿನ ಹೋದಾಗ ಯಜಮಾನರು ಜಗಲಿಯಲ್ಲಿ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ವೈದ್ಯರು ಎದುರಿಗೆ ನೆಲದ ಮೇಲೆಯೇ ಕುಳಿತು, ಅವಸರವಿಲ್ಲದೆ ವಿವರಿಸಿದರು. ಈ ರೋಗದಲ್ಲಿ ಎರಡು ಬಗೆ. ಒಂದು ನರವನ್ನು ಹಿಡಿದು ಅರಿವಿಲ್ಲದ ಮಚ್ಚೆಯಾಗಿ ನಿಲ್ಲುತ್ತದೆ. ಅಂಥವರಿಂದ ಇತರರಿಗೆ ಭಯವಿಲ್ಲ. ಇನ್ನೊಂದು ಮಚ್ಚೆಯನ್ನೇ ತೋರದೆ ಚರ್ಮದ ತುಂಬ ಕ್ರಿಮಿಯಾಗಿ ಹರಡುತ್ತದೆ. ಇತರರಿಗೆ ಅಂಟುವುದು ಅವರಿಂದ, ಅದರಲ್ಲೂ ಎಳೆಯ ಮಕ್ಕಳಿಗೆ. ಸೊಸೆಗೆ ಬಂದದ್ದೂ ಈ ಮನೆಯಿಂದಲೇ ಇರಬಹುದು. ಇಬ್ಬರಿಗೂ ಎಣ್ಣೆಯ ಚುಚ್ಚುಮದ್ದು ವಾರವಾರವೂ ಬೇಕು. ಆದರೆ ಕೂಸಿನಿಂದ ದೂರವಿರಬೇಕಾದವರು ತಾಯಿಯಲ್ಲ.

“ಮೈಮೇಲೆ ಒಂದ್ ಮಚ್ಚೆ ಇಲ್ದೋರ್ಗೆ ದೊಡ್ಡ್ ರೋಗ ಅಂತೀರಿ,” ಎಂದರು ಅತ್ತೆ. “ಮಚ್ಚೆ ಇರೋಳ್ನ ಒಳೀಕೆ ಕರ್ಕೊ ಅಂತೀರಿ. ಇದ್ಯಾವ್ ನ್ಯಾಯ ಸ್ವಾಮಿ?”

ವೈದ್ಯರು ಬಾಯಿ ತೆರೆಯುವ ಮುನ್ನವೇ ಯಜಮಾನರು ಕೂಸನ್ನು ತೊಡೆಯಿಂದ ಇಳಿಸಿ ನೆಲದ ಮೇಲೆ ಬಿಟ್ಟರು. ಬಾಗಿಲಲ್ಲಿದ್ದ ಸೊಸೆಗೆ ಎತ್ತಿಕೊಳ್ಳುವಂತೆ ಸನ್ನೆ ಮಾಡಿ, ಹೆಂಡತಿಯತ್ತ ತಿರುಗಿದರು.

“ಕೊಟ್ಗೆ ಸಾರ್ಸಿಟ್ಟಿದೀಯಲ್ಲ, ಸೊಸೆಗೆ ಅಂತ. ಅಲ್ಲೇ ನನ್ ಚಾಪೆ ಆಕು.”

ಕೂಸನ್ನು ಎತ್ತಿಕೊಂಡ ಸೊಸೆ, ಮಾವನ ಮುಖ ನೋಡದೆ ಹೇಳಿದಳು.

“ಕೊಟ್ಗೆ ಬ್ಯಾಡ ಮಾವ, ಸೊಳ್ಳೆ ಕಾಟ. ಜಗ್ಲೀಲೇ ಮನೀಕ್ಕಳಿ. ನಿಮ್ ತಟ್ಟೆ ನಾನೇ ಬೆಳಗಿ ಬೇರೆ ಮಡಗ್ತೀನಿ.”

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿ, ಚಾಪೆಯೊಂದನ್ನು ತಂದು ಜಗಲಿಯ ಮೂಲೆಯಲ್ಲಿ ತಾವೇ ಬಿಚ್ಚಿ ಹಾಸಿದರು.

ಅನಂತರ ಮಾವ ಸೊಸೆ ಇಬ್ಬರೂ ವಾರಕ್ಕೊಮ್ಮೆ ಒಂದೇ ಗಾಡಿಯಲ್ಲಿ ಮದ್ದೂರಿಗೆ ಬರುತ್ತಿದ್ದರು. ಮಾವ ಮುಂದೆ ಮೂಕಿಯ ಮೇಲೆ, ಇವಳು ಹಿಂದೆ. ಚುಚ್ಚುಮದ್ದಿನ ನೋವಿಗೆ ಯಜಮಾನರು ವೈದ್ಯರನ್ನು ಬಯ್ಯುತ್ತ, ಅದಕ್ಕೇ ಪ್ರಾಯಶ್ಚಿತ್ತವೆಂಬಂತೆ ಅವರಿಗೆ ಅವರೆಕಾಯಿ ತಂದುಕೊಡುತ್ತಿದ್ದರು. ರೋಗ ಅವರನ್ನು ಬಿಟ್ಟುಹೋಗಲಿಲ್ಲ, ಉಲ್ಬಣಿಸಲೂ ಇಲ್ಲ. ದೇಶಕ್ಕೆ ಸ್ವಾತಂತ್ರ್ಯ ಬರುವ ಹೊತ್ತಿಗೆ ಹೊಸ ಮಾತ್ರೆಯೊಂದರ ಸುದ್ದಿ ಕೇಳಿಬರತೊಡಗಿತ್ತು. ಅದು ತಮಗೆ ಮೊದಲೇ ಸಿಗಲಿಲ್ಲವೆಂದು ಅವರು ಕೊರಗಲಿಲ್ಲ. ಮೊಮ್ಮಗ ಅಂಗಳದಲ್ಲಿ ಓಡುವುದನ್ನು ಜಗಲಿಯಿಂದಲೇ ನೋಡುತ್ತಿದ್ದರು. ಅವನ ಮೈಮೇಲೆ ಮಚ್ಚೆ ಏಳಲಿಲ್ಲ.

ಚುಚ್ಚುಮದ್ದು ಆರಂಭವಾಗಿ ಎರಡು ವರ್ಷಗಳ ಮೇಲೊಮ್ಮೆ ನನ್ನ ಪತ್ನಿ ಅದೇ ಅರಿಸಿನದ ಪಟ್ಟಿ ಸುತ್ತಿಕೊಂಡು ಸೊಸೆಯ ಆ ಮಚ್ಚೆಯನ್ನು ಮತ್ತೆ ಪರೀಕ್ಷಿಸಿದಳು. ಬಹಳ ಹೊತ್ತು ಮೌನ. ಆಮೇಲೆ ಒಂದು ‘ಹೂಂ’. “ಅಂಚ್ನಲ್ಲಿ ಗೊತ್ತಾಯ್ತು ಕಣ್ರಮ್ಮ. ನಡ್ವೆ ಇನ್ನೂ ಇಲ್ಲ.” ಆ ‘ಹೂಂ’ಗೆ ಬೇರೆ ಸಾಕ್ಷಿ ಬೇಕಿರಲಿಲ್ಲ, ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡೆ.

ತಮ್ಮ ತಪ್ಪೆಂದು ಒಪ್ಪಿಕೊಂಡು ಮತ್ತೆ ಹಳ್ಳಿಗೆ ನಡೆದ ಆ ವೈದ್ಯರಿಗೂ, ಚಾಪೆ ಹಾಸಿದ ಆ ಅತ್ತೆಗೂ, ಕೂಸನ್ನು ಕೆಳಗಿಳಿಸಿದ ಆ ಹಿರಿಯರಿಗೂ, ಕೊಟ್ಟಿಗೆಯ ಕಷ್ಟವನ್ನು ತಾನು ಉಂಡು ಇನ್ನೊಬ್ಬರಿಗೆ ಬೇಡವೆಂದ ಆ ಹೆಣ್ಣುಮಗಳಿಗೂ, ನನಗಿಂತ ಮೊದಲೇ ಹೊರಟುಹೋದ, ಈಗ ನನ್ನ ಜಪದ ಪಕ್ಕದಲ್ಲಿ ಸದ್ದು ಮಾಡಲು ಇಲ್ಲದ ಆ ಬಳೆಗಳ ಒಡತಿಗೂ, ಎಲ್ಲಿದ್ದರೂ ಹೇಗಿದ್ದರೂ ಒಳಿತಾಗಲಿ. ಅವರ ಮನೆಗಳಲ್ಲಿ ಮಕ್ಕಳು ತಾಯಂದಿರ ಮಡಿಲಲ್ಲೇ ಬೆಳೆಯಲಿ.