ಗಂಟಿಲ್ಲದ ಕಡಲೆ ಬೇರು

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ಜಮಖಂಡಿ ತಾಲ್ಲೂಕಿನ ಸಾವಳಗಿ ಕಡೆ ಸಹಾಯಕ ಕೃಷಿ ಅಧಿಕಾರಿ. ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಎರೆಹೊಲಗಳು ಸವಳಾಗುತ್ತಿದ್ದವು, ಅಂದರೆ ಉಪ್ಪೇರಿ ಹಾಳಾಗುತ್ತಿದ್ದವು. ಕಬ್ಬು ಬಿಡಿ, ಹಿಂಗಾರಿಗೆ ಕಡಲೆ ಹಾಕಿ ಎಂದು ಗಂಟಲು ಹರಿದುಕೊಳ್ಳುವುದೇ ನನ್ನ ಕೆಲಸ. ಕೇಳಿದವರು ಒಬ್ಬರೇ, ನೀಲವ್ವ.

ಗಂಡ ತೀರಿದ ಮೇಲೆ ಅವರ ಪಾಲಿನ ಮೂರು ಎಕರೆಯನ್ನೂ ಮೈದುನ ಪರಸಪ್ಪನೇ ಸಾಗು ಮಾಡುತ್ತಿದ್ದ. ತಗ್ಗಿನ ಮೂಲೆ ಆಗಲೇ ಉಪ್ಪಿನಿಂದ ಬೆಳ್ಳಗಾಗಿತ್ತು. ಮನೆಮಂದಿಯ ಜೊತೆ ಜಗಳವಾಡಿ ನೀಲವ್ವ ಒಂದು ಹಂಗಾಮಿನ ಮಟ್ಟಿಗೆ ಹೊಲ ಬಿಡಿಸಿಕೊಂಡಿದ್ದರು. ಕಡಲೆ ಬಂದರೆ ಹೊಲ ಅವರು ಹೇಳಿದಂತೆ, ಬರದಿದ್ದರೆ ಮತ್ತೆ ಕಬ್ಬು.

ಆ ಹೊಲ ಕಡಲೆ ಕಂಡು ಬಹಳ ವರ್ಷವಾಗಿತ್ತು. ಹಾಗಾಗಿ ರೈಜೋಬಿಯಂ ಬೇಕೇ ಬೇಕಿತ್ತು. ಕಡಲೆಯ ಬೇರಿನಲ್ಲಿ ಗಂಟು ಕಟ್ಟಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುವ ಬ್ಯಾಕ್ಟೀರಿಯಾ ಅದು. ನೀಲವ್ವ ನನ್ನೆದುರೇ ಆರಿದ ಬೆಲ್ಲದ ನೀರಿನಲ್ಲಿ ನಾನು ಕೊಟ್ಟ ಪ್ಯಾಕೆಟ್ಟಿನ ರೈಜೋಬಿಯಂ ಪುಡಿ ಕಲಸಿ, ಬೀಜಕ್ಕೆ ಸವರಿ, ನೆರಳಿಗೆ ಹರವಿದರು. ಡಿಎಪಿ ರಾಸಾಯನಿಕ ಗೊಬ್ಬರ ಬೀಜಕ್ಕೆ ತಾಗಬಾರದು ಎಂದು ಅವರಿಗೆ ಎರಡೆರಡು ಸಲ ಹೇಳಿ ಬಂದೆ.

ಹೂವಿನ ಹೊತ್ತಿಗೆ ಮತ್ತೆ ಹೊಲಕ್ಕೆ ಹೋದೆ. ಗಿಡ ಗೇಣುದ್ದ, ಎಲೆ ಹಳದಿ. ಸಲಿಕೆಯಿಂದ ಅಗೆದು ಬೇರು ತೊಳೆದು ನೋಡಿದೆ. ಒಂದಾದರೂ ಗಂಟಿರಬೇಕಲ್ಲ? ಎಲ್ಲಿ ಅಗೆದರೂ ಬೋಳು ಬೇರು.

"ಬಿತ್ತೂವಾಗ ಏನ್ ಮಾಡಿದ್ರೀಪಾ?" ಎಂದು, ಬಿತ್ತನೆಗೆ ಕೂರಿಗೆ ಹೂಡಿದ್ದ ಪರಸಪ್ಪನನ್ನು ಕೇಳಿದೆ.

"ಪಾಕೀಟಿನ ಮ್ಯಾಲೆ ಜೈವಿಕ ಗೊಬ್ಬರ ಅಂತನ ಐತಲ್ರೀ ಸಾಹೇಬ್ರ. ಎರಡೂ ಗೊಬ್ಬರನ. ನೀಲವ್ವ ವೈನಿಗೆ ಕೆಲಸ ಕಡಿಮಿ ಆಗ್ಲಿ ಅಂತ ಬೀಜ, ಡಿಎಪಿ ಕೂಡಿಸಿ ಹಿಂದಿನ ದಿನಾನ ತಾಡಪತ್ರಿಯೊಳಗ ಕಟ್ಟಿಟ್ಟಿದ್ನಿ."

ಡಿಎಪಿಯ ಉಪ್ಪಿಗೆ ಬ್ಯಾಕ್ಟೀರಿಯಾ ಬಿತ್ತುವ ಮೊದಲೇ ಸತ್ತಿತ್ತು. ಅವನ ಮಾತಿನಲ್ಲಿ ಕಪಟವಿರಲಿಲ್ಲ. ಜೀವ ಇರುವ ವಸ್ತುವಿಗೆ ಗೊಬ್ಬರ ಅಂತ ಹೆಸರಿಟ್ಟ ಪುಣ್ಯಾತ್ಮ ಯಾರೋ!

ಯೂರಿಯಾ ಸಿಂಪಡಿಸಿದೆವು. ಎಲೆ ಒಂದಿಷ್ಟು ಹಸಿರಾಯಿತು, ಕಾಯಿ ತುಂಬಲಿಲ್ಲ. ರಾಶಿಯ ದಿನ ಹೊಟ್ಟಿನ ಗುಡ್ಡೆಯೇ ದೊಡ್ಡದು. ನೀಲವ್ವ ಮೊರ ಹಿಡಿದು ತೂರುತ್ತಲೇ ಇದ್ದರು, ಸಾಕು ಎಂದರೂ ಕೇಳಲಿಲ್ಲ.

"ತಪ್ಪು ಎಲ್ಲಿ ಆತಂತ ಗೊತ್ತಾಗೈತಿ. ಇನ್ನೊಂದ್ ವರ್ಷ ಬಿಟ್ಟಕೊಡ್ರಿ," ಎಂದು ಪರಸಪ್ಪನಿಗೆ ಕೈಮುಗಿದೆ.

"ಒಂದ್ ಸಲ ನೋಡಿದ್ವಲ್ರೀ. ಸಾಕ್ರೀ."

ಕಬ್ಬು ನಾಟಿಯಾಯಿತು. ನಾನು ನಿವೃತ್ತನಾಗುವ ಹೊತ್ತಿಗೆ ಸವಳು ಅರ್ಧ ಹೊಲಕ್ಕೆ ಬಂದಿತ್ತು. ಅಲ್ಲಿ ಈಗ ಕಡಲೆ ಬಿತ್ತಿದರೂ ಏಳುವುದಿಲ್ಲ.

ಕಾರಣ ಕಂಡುಹಿಡಿದರೆ ಅರ್ಧ ಕೆಲಸ ಮುಗಿದಂತೆ ಎಂದು ಸರ್ವಿಸಿನುದ್ದಕ್ಕೂ ನಂಬಿದ್ದೆ. ತಿದ್ದಿಕೊಳ್ಳಲು ಇನ್ನೊಂದು ಹಂಗಾಮು ಸಿಗದವರಿಗೆ ನನ್ನ ಕಾರಣದಿಂದ ಮೂರು ಕಾಸಿನ ಪ್ರಯೋಜನವಿಲ್ಲ. ನೌಕರಿ ನನಗೆ ಕಲಿಸಿದ್ದು ಅದನ್ನೇ. ಕೊನೆಯ ಸಲ ಹೋದಾಗ ನೀಲವ್ವನ ಮುಖ ನೋಡಲು ನನಗೇ ಸಂಕಟ. ಅವರೇ ಚಹಾ ಕೊಟ್ಟು ಸಮಾಧಾನ ಹೇಳಿದರು:

"ನಿಮ್ಮ ಪುಡಿ ಛಲೋನ ಇತ್ರೀ ಸಾಹೇಬ್ರ. ಅದು ಸತ್ತಿದ್ದು ನಿಮಗರ ಕಾಣಸ್ತು. ಮನ್ಯಾಗ ನನ್ನ ಮಾತು ಸತ್ತಿದ್ದು ಯಾರಿಗೂ ಕಾಣಸ್ಲಿಲ್ಲ."