ಮೇಲಿನ ಮೂಲೆ, ಕೆಳಗಿನ ಮೂಲೆ

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕೂತು ಹರಿದ ಪುಸ್ತಕಗಳನ್ನು ಹೊಲಿಯುವುದು ಅವಳ ಕೆಲಸ. ಎಲ್ಲರೂ ಬೈಂಡರಮ್ಮ ಎನ್ನುತ್ತಿದ್ದರು. ಸೂಜಿ, ಮೇಣ ಸವರಿದ ದಾರ, ಗೋಂದಿನ ಡಬ್ಬಿ, ಜೊತೆಗೆ ಹನ್ನೊಂದು ವರ್ಷದಿಂದ ಆರದ ಒಂದು ಕಿಚ್ಚು. ಅವಳ ಬಂಡವಾಳ ಇಷ್ಟೇ.

ಆಗ ಮಗಳಿಗೆ ನಾಲ್ಕು ವರ್ಷ. ಅಮ್ಮನ ಕೆಲಸ ಮುಗಿಯುವವರೆಗೆ ಮಗು ಚಿತ್ರದ ಪುಸ್ತಕವೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿತ್ತು. ಗ್ರಂಥಪಾಲಕ ಬಂದವನೇ ಅದನ್ನು ಕಿತ್ತುಕೊಂಡು, ಓದುತ್ತಿದ್ದವರೆಲ್ಲರ ಎದುರಿಗೆ, "ಕೈ ತೋರಿಸು" ಎಂದ. ಪುಟ್ಟ ಅಂಗೈಗೆ ಗೋಂದು ಮೆತ್ತಿತ್ತು. "ಇಂಥ ಕೈಗೆ ಪುಸ್ತಕ ಬೇರೆ ಕೇಡು" ಎಂದು ನಕ್ಕ. ಅಳುತ್ತಾ ಹೊರಗೋಡಿದ ಮಗು ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ತಾಯಿ ಹಲ್ಲು ಕಚ್ಚಿ ಸೂಜಿಗೆ ದಾರ ಪೋಣಿಸಿದಳು.

ಈ ವರ್ಷ ಆರು ತುಂಬದ ಮಕ್ಕಳಿಗೆಂದೇ ಸರ್ಕಾರ ಅನುದಾನ ಕೊಟ್ಟಿತು. ಬಂದ ಹೊಸ ಪುಸ್ತಕಗಳನ್ನು ಗ್ರಂಥಪಾಲಕ ಗಾಜಿನ ಬೀರುವಿನೊಳಗಿಟ್ಟು, ಬೀಗ ಜಡಿದು, ಕೀಲಿಕೈಯನ್ನು ಜೇಬಿಗಿಳಿಸಿದ. ಮಕ್ಕಳು ಗಾಜಿಗೆ ಮೂಗು ಒತ್ತಿ ನಿಂತು, ಹಾಗೇ ಹೋಗುತ್ತಿದ್ದರು. ಆಮೇಲೆ ತಪಾಸಣೆಯ ಪತ್ರ ಬಂತು. ಪುಸ್ತಕಗಳು ಮಕ್ಕಳ ಕೈ ಸೇರಿವೆಯೇ ಎಂದು ಅಧಿಕಾರಿಯೇ ಬಂದು ನೋಡುತ್ತಾರಂತೆ. ಅವನ ಮುಖ ಹುಳ್ಳಗಾಯಿತು. ಎಂದೂ ಹಿಂದಿನ ಕೋಣೆಗೆ ಕಾಲಿಡದವನು ಬಂದು, ಬೆಣ್ಣೆಯಂಥ ದನಿಯಲ್ಲಿ, ಅವನ್ನೆಲ್ಲ ಸ್ವಲ್ಪ ಹಳೆಯದು ಮಾಡಿಕೊಡಬೇಕೆಂದ.

"ಅದಕ್ಕೇನಂತೆ ಸಾರ್, ಮಾಡ್ತೀನಿ."

ಮೂರು ದಿನ ಕೂತು ಮಾಡಿದಳು. ಪುಸ್ತಕಗಳ ಬೆನ್ನು ಬಗ್ಗಿಸಿದಳು. ಬೆರಳು ಒದ್ದೆ ಮಾಡಿಕೊಂಡು, ದೊಡ್ಡವರು ಪುಟ ತಿರುವುವ ಮೇಲಿನ ಮೂಲೆಯನ್ನೇ ಸವೆಸಿದಳು. ಪುಟದ ತುದಿಗಳನ್ನು ಅಚ್ಚುಕಟ್ಟಾಗಿ ಕಿವಿಯಂತೆ ಮಡಚಿದಳು. ಅವನು ತಿರುವಿ ನೋಡಿ, ನಿನ್ನ ಕೈಯಲ್ಲಿ ಜಾದೂ ಇದೆ ಎಂದು ಹೊಗಳಿದ. ಜನ್ಮದಲ್ಲಿ ಒಂದು ಮಗುವಿಗೂ ಪುಸ್ತಕ ಕೊಟ್ಟು ನೋಡದವನಿಗೆ ಇನ್ನೇನು ಕಂಡೀತು? ಬರುವ ಅಧಿಕಾರಿ ಹಿಂದೆ ಶಿಶುವಿಹಾರದ ಟೀಚರ್ ಆಗಿದ್ದವಳು ಎಂಬುದು ಬೈಂಡರಮ್ಮನಿಗೆ ಗೊತ್ತಿತ್ತು. ಹೇಳಲಿಲ್ಲ.

ಅಧಿಕಾರಿ ಬಂದು ಹತ್ತು ಪುಸ್ತಕ ತೆರೆದಳು.

"ಎಲ್ಲೂ ಒಂದು ಹಲ್ಲಿನ ಗುರುತಿಲ್ಲ. ಪುಟ್ಟ ಮಕ್ಕಳು ಹಿಡಿದೆಳೆಯೋ ಕೆಳಗಿನ ಮೂಲೆಗಳು ಹೊಚ್ಚಹೊಸದು. ಇದನ್ನ ಓದಿದವರಿಗೆ ವಯಸ್ಸೆಷ್ಟು ಸಾರ್, ಮೂರಾ, ಮೂವತ್ತಾ?"

ಗ್ರಂಥಪಾಲಕ ಬೈಂಡರಮ್ಮನ ಕಡೆ ನೋಡಿದ.

"ಹಳೇದು ಮಾಡಿದ್ದು ನಾನೇ ಮೇಡಂ. ಇವರೇ ಮಾಡು ಅಂದ್ರು. ಮಕ್ಕಳಂತೂ ಮುಟ್ಟಿಲ್ಲ," ಎಂದಳು, ದನಿ ಏರಿಸದೆ.

ಅಧಿಕಾರಿ ಇಬ್ಬರ ಮೇಲೂ ಬರೆದುಕೊಂಡಳು. ಅವನಿಗೆ ವರ್ಗಾವಣೆ, ಇವಳಿಗೆ ಎಚ್ಚರಿಕೆ. ಬೀರು ಇವತ್ತೇ ತೆರೆಯಬೇಕು, ಕೀಲಿಕೈ ಈಕೆಯ ಹತ್ತಿರವೇ ಇರಲಿ ಎಂದಳು. ಅವನು ಜೇಬು ತಡಕಾಡಿದ. ಓದುತ್ತಿದ್ದವರೆಲ್ಲ ತಲೆಯೆತ್ತಿ ನೋಡುತ್ತಿದ್ದರು. ಬೈಂಡರಮ್ಮ ಅವನ ಎದುರಿಗೆ ಹೋಗಿ ನಿಂತಳು.

"ಕೈ ತೋರಿಸಿ ಸಾರ್."

ಬೆವರಿದ ಅಂಗೈ ಬಿಚ್ಚಿತು. ಅವಳು ಕೀಲಿಕೈ ಎತ್ತಿಕೊಂಡು, ಅವನು ನೋಡುತ್ತಿರುವಂತೆಯೇ, ಬಟ್ಟೆಯಿಂದ ಚೆನ್ನಾಗಿ ಒರೆಸಿದಳು.

ಸಂಜೆ ಮನೆಯಲ್ಲಿ ಹದಿನೈದರ ಮಗಳು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು.

"ಅವನು ಅತ್ತನಾ ಅಮ್ಮ?"

"ಇಲ್ಲ," ಎಂದಳು ತಾಯಿ. ಅವಳಿಗೂ ಅದೊಂದೇ ಕೊರತೆ ಉಳಿದಿತ್ತು.