ಕಡೀ ತಾಟಿನ ತನಕ ಕಾಯುವ ಶಿವಗಂಗಾ

ಚಿತ್ತಾಪುರದ ಬಾಬುಮಿಯಾ ಅವರ ದಾಲ್ ಮಿಲ್ಲಿನಲ್ಲಿ ಇನ್ನೂ ನಸುಕು. ತೊಗರಿ ಚೀಲದ ಮೇಲೆ ಕೂತ ಶಿವಗಂಗಾ ತೊಡೆಯ ಮೇಲಿನ ಲ್ಯಾಪ್‌ಟಾಪಿನಿಂದ ಒಂದು ಹಳೆ ಮಶೀನಿಗೆ ವೈರು ಸಿಕ್ಕಿಸುತ್ತಿದ್ದಾರೆ. ಬೇಳೆಯಲ್ಲಿನ ಕಪ್ಪು ಕಾಳು ಆರಿಸುವ ಮಶೀನು ಅದು. ಅದರ ಮೆಮೊರಿ ಕಾರ್ಡ್ ತೆಗೆದು ತಮ್ಮದನ್ನು ಹಾಕುತ್ತಾರೆ. ಕೂಲಿಯವರು ಬರುವಷ್ಟರಲ್ಲಿ ಎಲ್ಲವೂ ಮೊದಲಿನಂತಾಗಬೇಕು.

ಸುಲೇಪೇಟದ ಮಗಳು, ವಾಡಿಯ ಸೊಸೆ. ಹಗಲು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ. ಉಳಿದ ಹೊತ್ತಿನಲ್ಲಿ ಅವರು ಮಾಡುವ ಕೆಲಸಕ್ಕೆ ಪಗಾರವಿಲ್ಲ, ಓಣಿಯಲ್ಲಿ ಅದಕ್ಕೊಂದು ಹೆಸರೂ ಇಲ್ಲ. ಏನು ಮಾಡುತ್ತಾರೆಂದು ಕೇಳಿದರೆ ಗಂಡ ಸಿದ್ಧಲಿಂಗ, ‘ಏನೋ ನಂಬರ್ ಹಚ್ಚತಾಳ್ರಿ’ ಎಂದು ನಗುತ್ತಾರೆ. ಪಾಪ, ಅವರ ಮಾತು ಪೂರಾ ಸುಳ್ಳೂ ಅಲ್ಲ.

ಫೈಲು ಓದಲು, ಗಂಟೆ ಎಷ್ಟೆಂದು ತಿಳಿಯಲು, ಯಾವ ಪ್ರೋಗ್ರಾಮೇ ಆಗಲಿ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ಲಿನ ಬಾಗಿಲು ತಟ್ಟಬೇಕು. ಆ ತಟ್ಟುವಿಕೆಯೇ ಸಿಸ್ಟಮ್ ಕಾಲ್. ಪ್ರತಿ ಕರೆಗೂ ಒಂದು ನಂಬರ್ ಇರುತ್ತದೆ. ಹೊಸ ಕರೆ ಬಂದರೆ ಹತ್ತಾರು ಬಗೆಯ ಪ್ರೊಸೆಸರ್‌ಗಳ ಪಟ್ಟಿಯಲ್ಲೂ ಅದನ್ನು ಒಂದೇ ರೀತಿ ಕೂಡಿಸಬೇಕು. ಜಗತ್ತೆಲ್ಲ ಹಂಚಿಹೋದ ಒಂದು ಮುಕ್ತ ಕರ್ನಲ್ಲಿಗಾಗಿ ಶಿವಗಂಗಾ ವರ್ಷಗಟ್ಟಲೆ ಬೇರೆಯವರ ಕರೆಗಳನ್ನು ಹೀಗೆ ಕೂಡಿಸಿದ್ದಾರೆ. ಈಗ ಮೊದಲ ಸಲ, ಫೈಲನ್ನು ಹೇಳಿದ ಜಾಗದಿಂದ ಓದಿಸುವ, ತಾವೇ ರೂಪಿಸಿದ ಕರೆಯೊಂದು ಒಳಗೆ ಹೋಗಲಿದೆ. ಕರ್ನಲ್ ಕಟ್ಟುವ ಗುಂಪಿನವರೆಲ್ಲ ಒಪ್ಪಿದ್ದಾರೆ. ಈ ಸಲದ ಆವೃತ್ತಿಗೆ ಹೊಸದನ್ನು ಸೇರಿಸುವ ಗಡುವು ಇವತ್ತು ಸಂಜೆ. ಪರೀಕ್ಷಿಸಲು ಉಳಿದಿರುವುದು ಈ ಮಶೀನಿನೊಳಗಿನ ಹಳೆ ಜಾತಿಯ ಪ್ರೊಸೆಸರ್ ಒಂದೇ.

ಪರದೆಯ ಮೇಲೆ ಸಾಲುಗಳು ಓಡಿ ನಿಲ್ಲುತ್ತವೆ. ಶಿವಗಂಗಾ ಮತ್ತೊಮ್ಮೆ ಓಡಿಸುತ್ತಾರೆ, ಅದೇ ಉತ್ತರ. ಮಶೀನು ಫೈಲನ್ನು ತಪ್ಪು ಜಾಗದಿಂದ ಓದುತ್ತಿದೆ. ಜಾಗ ಹೇಳುವ ದೊಡ್ಡ ಸಂಖ್ಯೆಯನ್ನು ಈ ಪ್ರೊಸೆಸರ್ ಎರಡು ತುಂಡು ಮಾಡಿ ತನ್ನೊಳಗಿನ ರಿಜಿಸ್ಟರ್ ಎಂಬ ಮನೆಗಳ ಜೋಡಿಯಲ್ಲಿ ಇಡುತ್ತದೆ, ಆ ಜೋಡಿ ಸಮಸಂಖ್ಯೆಯ ಮನೆಯಿಂದಲೇ ಶುರುವಾಗಬೇಕು. ಇವರು ಬೆಸಸಂಖ್ಯೆಯ ಮನೆಯಿಂದ ಶುರು ಮಾಡಿದ್ದಾರೆ. ಹೊಸ ಪ್ರೊಸೆಸರ್‌ಗಳಿಗೆ ಈ ತಕರಾರಿಲ್ಲ, ಹಾಗಾಗಿ ಇಷ್ಟು ದಿನ ಯಾರಿಗೂ ಹೊಳೆಯಲಿಲ್ಲ.

ಸುದ್ದಿ ಕಳಿಸಿದ ಕೂಡಲೇ ಗುಂಪಿನ ಹಿರಿಯರೊಬ್ಬರ ಉತ್ತರ ಬರುತ್ತದೆ. ಹಳೆಯದನ್ನು ಬಿಟ್ಟುಬಿಡಿ, ಉಳಿದವುಗಳಲ್ಲಿ ಇವತ್ತೇ ಹೋಗಲಿ, ಅದಕ್ಕೆ ಮುಂದೆ ಬೇರೆ ರೀತಿ ಮಾಡಿದರಾಯಿತು ಎನ್ನುತ್ತಾರೆ. ಸಲಹೆಯೇನೋ ಸಲೀಸು. ಆದರೆ ಕರೆಯ ರೂಪ ಒಮ್ಮೆ ಹೊರಬಿತ್ತೆಂದರೆ ಬದಲಿಸುವಂತಿಲ್ಲ, ಒಂದೇ ಕರೆಗೆ ಕಾಯಂ ಎರಡು ರೂಪ ಉಳಿದುಬಿಡುತ್ತವೆ. ಎಲ್ಲ ಕಡೆ ಸರಿಮಾಡಿ ಮತ್ತೆ ಪರೀಕ್ಷಿಸಲು ಸಂಜೆಯ ತನಕದ ಹೊತ್ತು ಯಾವುದಕ್ಕೂ ಸಾಲದು.

ಶಿವಗಂಗಾ, ಈ ಸಲಕ್ಕೆ ನನ್ನ ಕರೆ ವಾಪಸ್ ಪಡೆಯುತ್ತೇನೆ ಎಂದು ಬರೆಯುತ್ತಾರೆ.

ಬೇಸರವಿಲ್ಲವೇ ಎಂದು ಕೇಳಿದರೆ, “ಸಂಕಟ ಆಗಲಿಕತ್ತದರಿ, ಸುಳ್ಯಾಕ ಹೇಳ್ಲಿ?” ಎನ್ನುತ್ತಾರೆ. “ನಮ್ಮಪ್ಪ ನಾಗೇಂದ್ರಪ್ಪ ಮಠದ ದಾಸೋಹದಾಗ ಬಡಸ್ತಿದ್ರು. ಕಡೀ ತಾಟಿಗಿ ಬೀಳೋತನ ಮೊದಲನೇ ತಾಟಿನವರೂ ಕೈ ಹಚ್ಚತಿರಲಿಲ್ಲ. ಹಸಿವಿ ಎಲ್ಲಾರಿಗೀ ಇರತಿತ್ತು.”

ಕಾರ್ಡ್ ಬದಲಿಸಿ ವೈರು ಸುತ್ತುವಾಗ ಬಾಬುಮಿಯಾ ಚಹಾ ಹಿಡಿದು ಬರುತ್ತಾರೆ. ಆಗಲಿಲ್ಲವೆಂದು ತಿಳಿದು ಪೇಚಾಡುತ್ತಾರೆ.

“ನನ್ನ ಮಶೀನ್ ಸಲುವಾಗಿ ನಿನ್ನ ಕೆಲಸ ನಿಂತತೇನ್ ಬೇಟಿ? ಅದಕ್ಕ ಕಪ್ಪ ಕಾಳ ಆರಸೋದು ಬಿಟ್ರ ಏನೂ ಗೊತ್ತಿಲ್ಲ. ನೀ ಕೊಡೋ ಹೊಸಾದು ಅದು ಯಾವಾಗ ಕೇಳತದ?”

“ಕೇಳಲಿಕ್ಕಿಲ್ಲ ಚಾಚಾ,” ಎಂದು ಶಿವಗಂಗಾ ಬಟ್ಟಲು ತಗೊಳ್ಳುತ್ತಾರೆ. “ಆದ್ರ ಕೇಳಿದ ದಿನ ಅದರ ತಾಟ್ ಖಾಲಿ ಇರಬಾರದು.”

ಕೂಲಿಯವರು ಒಳಗೆ ಬರುತ್ತಾರೆ. ಮಶೀನು ಎಂದಿನಂತೆ ಕಾಳು ಆರಿಸಲು ಶುರು ಮಾಡುತ್ತದೆ.